ಲಕ್ಷ ವ್ಯೂಸ್ ಬೇಡ, ಇನ್ನೂರೈವತ್ತು ಮನೆ ಸಾಕು

ಆಲೆಮನೆ ಇಟ್ಟುಕೊಂಡಿರುವ ಹುಡುಗರು ಕೇಳುವ ಪ್ರಶ್ನೆ ಈಚೆಗೆ ಬದಲಾಗಿದೆ. ಮೊದಲೆಲ್ಲ ಪಾಕ ಯಾಕೆ ಗಟ್ಟಿ ಬರ್ತಿಲ್ಲ, ಮಳೆಗಾಲದಲ್ಲಿ ಬೆಲ್ಲ ಯಾಕೆ ನೀರು ಬಿಡುತ್ತೆ ಅಂತ ಕೇಳ್ತಿದ್ದರು. ಈಗ ‘ಸಾರ್, ಇನ್‌ಸ್ಟಾಗ್ರಾಂನಲ್ಲಿ ಫಾಲೋವರ್ಸ್ ಜಾಸ್ತಿ ಮಾಡ್ಕೊಳ್ಳೋದು ಹೇಗೆ?’ ಅಂತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಮಂಡ್ಯದ ಕಡೆ ಮಂಡಿಗೆ ಬೆಲ್ಲ ಹಾಕಿ, ಆವತ್ತಿನ ರೇಟು ಎಷ್ಟೋ ಅಷ್ಟನ್ನೇ ಈಸ್ಕೊಂಡು ಬರುತ್ತಿದ್ದವರ ಮನೆಯಲ್ಲಿ ಬೆಳೆದ ಮಕ್ಕಳು ಇವರು. ನಮ್ಮ ಬೆಲ್ಲದ ಬೆಲೆಯನ್ನು ನಾವೇ ಹೇಳುವಂತಾಗಲಿ ಅಂತ ಆಸೆಪಡುವುದು ನ್ಯಾಯವೇ. ಅದಕ್ಕೆ ಜೇಬಿನಲ್ಲಿರುವ ಫೋನು ಸಾಕು ಅನ್ನುವುದನ್ನೂ ಒಪ್ಪುತ್ತೇನೆ. ನಾನು ಒಪ್ಪದೇ ಇರುವುದು ಈ ಫಾಲೋವರ್ಸ್ ಲೆಕ್ಕವನ್ನು.

ಬೇರೆ ಲೆಕ್ಕ ಹಾಕೋಣ. ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕೆ.ಜಿ. ಬೆಲ್ಲ ಸಿಗುತ್ತದೆ. ತಳಿ, ಕಟಾವಿನ ಕಾಲ, ಗಾಣ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಒಂದು ಮನೆಗೆ ತಿಂಗಳಿಗೆ ಎರಡು ಕೆ.ಜಿ. ಹೋಗುತ್ತೆ ಅಂದುಕೊಳ್ಳಿ. 250 ಮನೆಗೆ ತಿಂಗಳಿಗೆ 500 ಕೆ.ಜಿ., ವರ್ಷಕ್ಕೆ ಆರು ಟನ್. ಅಷ್ಟು ಬೆಲ್ಲಕ್ಕೆ 60 ಟನ್ ಕಬ್ಬು ಬೇಕು. ಎಕರೆಗೆ 40 ಟನ್ ಇಳುವರಿ ಹಿಡಿದರೆ ಒಂದೂವರೆ ಎಕರೆ ಆಯಿತು. ಇದನ್ನು ಓದುತ್ತಿರುವವರಲ್ಲಿ ಬಹಳ ಜನರ ಹತ್ತಿರ ಅದಕ್ಕಿಂತ ಹೆಚ್ಚು ಕಬ್ಬು ಇರಲಾರದು. ವಾಟ್ಸಾಪ್‌ನ ಒಂದು ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ನಂಬರ್ ಸೇರಿಸಬಹುದು. ಅಂದರೆ ಒಂದೇ ಒಂದು ಲಿಸ್ಟು ನಿಜವಾದ ಗಿರಾಕಿಗಳಿಂದ ತುಂಬಿದರೆ ನಿಮ್ಮ ಗದ್ದೆಯಷ್ಟೂ ಕಬ್ಬು ಮಾರಾಟವಾದ ಹಾಗೆ.

ಇನ್ನು ಆ ಲಕ್ಷ ವ್ಯೂಸ್ ವಿಷಯ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ಒಂದು ರೀಲ್ ಹೇಗೋ ಓಡಿಬಿಟ್ಟಿತು ಅಂತಿಟ್ಟುಕೊಳ್ಳಿ. ನೋಡುವವರು ದೆಹಲಿಯಲ್ಲಿರುತ್ತಾರೆ, ದುಬೈನಲ್ಲಿರುತ್ತಾರೆ, ಬಹಳಷ್ಟು ಜನ ಸುಮ್ಮನೆ ಬೆರಳಾಡಿಸುತ್ತಾ ಕೂತಿರುತ್ತಾರೆ. ಕೊಳ್ಳುವವರು ನಾನೂರು ಜನ ಒಂದೇ ದಿನ ಫೋನ್ ಮಾಡುತ್ತಾರೆ. ನಿಮ್ಮ ಹತ್ತಿರ ಇರುವುದು ಎರಡು ಕ್ವಿಂಟಲ್. ಅರ್ಧ ಜನಕ್ಕೆ ‘ಖಾಲಿ ಆಯ್ತು’ ಅನ್ನಬೇಕು. ಇನ್ನರ್ಧ ಜನಕ್ಕೆ ಅವಸರದಲ್ಲಿ ಕಟ್ಟಿದ ಬಾಕ್ಸು ಒಡೆದುಹೋಗಿ ತಲುಪುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೇಡಿಕೆ ಬಂತಲ್ಲ ಅಂತ ಪಕ್ಕದ ಆಲೆಮನೆಯಿಂದ ಬೆಲ್ಲ ತಂದು ತನ್ನ ಹೆಸರಲ್ಲಿ ಕಳಿಸುವುದು. ಆ ಬೆಲ್ಲಕ್ಕೆ ಹೈಡ್ರೋಸ್ ಬಿದ್ದಿದೆಯೋ ಇಲ್ಲವೋ ಯಾರಿಗೆ ಗೊತ್ತು? ವೈರಲ್ ಆದ ಹೊತ್ತಲ್ಲೇ ಮೂರು ವರ್ಷದ ಹೆಸರು ಮಣ್ಣಾಗುವುದು ಹೀಗೆ.

ಮತ್ತೊಂದು ಮಾತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಅಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿದ್ದವರ ಕೈಯಲ್ಲಿ ಆಮೇಲೆ ಏನೂ ಉಳಿಯಲಿಲ್ಲ. ಆ ಜನರ ಒಂದು ಫೋನ್ ನಂಬರ್ ಕೂಡ ಅವರ ಹತ್ತಿರ ಇರಲಿಲ್ಲ. ಅದಾದ ಕೆಲವೇ ದಿನಕ್ಕೆ ರೀಲ್ಸ್ ಬಂತು, ಎಲ್ಲರೂ ಅತ್ತ ಹೋದರು. ಆ್ಯಪ್ ಯಾವುದೇ ಇರಲಿ, ಅಲ್ಲಿನ ಜನ ಆ ಕಂಪನಿಯ ಜನ. ನಿಮ್ಮ ಪುಸ್ತಕದಲ್ಲಿ ಹೆಸರು, ಊರು, ನಂಬರ್, ಏನು ತಗೊಂಡರು ಅಂತ ಬರೆದಿಟ್ಟವರು ಮಾತ್ರ ನಿಮ್ಮವರು. ಪುಸ್ತಕ ಅಂತಲೇ ಹೇಳುತ್ತಿದ್ದೇನೆ, ಎರಡು ರೂಲಿನ ಮಾಮೂಲಿ ನೋಟ್‌ಬುಕ್. ಫೋನು ನೀರಿಗೆ ಬಿದ್ದರೂ ಅದು ಉಳಿಯುತ್ತದೆ.

ಹಾಗಾದರೆ ಶುರು ಮಾಡುವುದು ಎಲ್ಲಿಂದ? ಸ್ಟೇಟಸ್‌ನಿಂದ. ನಿಮ್ಮ ನಂಬರ್ ಇಟ್ಟುಕೊಂಡಿರುವ ಬೆಂಗಳೂರಿನ ಚಿಕ್ಕಪ್ಪ, ಅಕ್ಕನ ಮನೆಯ ಓನರ್, ಕಾಲೇಜಿನಲ್ಲಿ ಜೊತೆಗೆ ಓದಿದವರು, ಇವರೇ ಮೊದಲ ಗಿರಾಕಿಗಳು. ಇವರ ಮುಂದೆ ಮಾರುವುದಕ್ಕೆ ನಾಚಿಕೆ ಪಡುವವರು ಬಹಳ. ‘ನೆಂಟರ ಹತ್ರ ದುಡ್ಡು ಹೇಗೆ ಕೇಳೋದು?’ ಅಂತ. ಬೆಲೆಯನ್ನು ಸ್ಟೇಟಸ್‌ನಲ್ಲೇ ಬರೆದುಬಿಟ್ಟರೆ ಕೇಳುವ ಪ್ರಮೇಯವೇ ಬರುವುದಿಲ್ಲ. ಅದಕ್ಕೆ ಒಂದು ಬೇರೆ ಸಿಮ್ ತಗೊಂಡು ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ. ಕ್ಯಾಟಲಾಗ್‌ನಲ್ಲಿ ಅಚ್ಚು ಬೆಲ್ಲ, ಉಂಡೆ ಬೆಲ್ಲ, ಪುಡಿ ಬೆಲ್ಲ ಅಂತ ಫೋಟೊ, ತೂಕ, ಬೆಲೆ ಸಮೇತ ಇಡಬಹುದು. ನೀವು ಗದ್ದೆಯಲ್ಲಿದ್ದಾಗ ‘ಕೆಲಸದಲ್ಲಿದ್ದೇವೆ, ಸಂಜೆ ಏಳರ ಮೇಲೆ ಉತ್ತರ ಕೊಡ್ತೀವಿ’ ಅಂತ ತಾನಾಗಿಯೇ ಹೋಗುವ ಮೆಸೇಜೂ ಇಡಬಹುದು. ಎಷ್ಟೋ ಜನ ಇದನ್ನು ತೆರೆದೂ ನೋಡಿಲ್ಲ, ಇನ್‌ಸ್ಟಾಗ್ರಾಂ ತಂತ್ರ ಕಲಿಸುವ ಕೋರ್ಸಿಗೆ ಮಾತ್ರ ಸಾವಿರಗಟ್ಟಲೆ ಕಟ್ಟಿದ್ದಾರೆ. ಆ ಕೋರ್ಸು ಮಾರುವವರ ನಿಜವಾದ ಬೆಳೆ ಏನು ಅಂತ ಒಂದು ಸಲ ಯೋಚನೆ ಮಾಡಿ.

ಬ್ರಾಡ್‌ಕಾಸ್ಟ್‌ನಲ್ಲಿ ಒಂದು ವಿಷಯ ಗೊತ್ತಿರಲಿ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಆದ್ದರಿಂದ ಮೊದಲ ಪಾರ್ಸೆಲ್‌ನಲ್ಲೇ ಒಂದು ಚೀಟಿ ಇಡಿ: ‘ಅಕ್ಕಾ, ಈ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಬೆಲ್ಲ ಇಳಿಸಿದಾಗ ತಿಳಿಸ್ತೀವಿ.’ ಗ್ರೂಪ್ ಮಾತ್ರ ಮಾಡಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ, ಬೆಳಗ್ಗೆ ಐದಕ್ಕೇ ಶುಭೋದಯದ ಹೂವು ಬರುತ್ತೆ, ಚುನಾವಣೆ ಬಂದರೆ ಜಗಳ ಬರುತ್ತೆ. ಕೇಳದೆ ಯಾರನ್ನೂ ಲಿಸ್ಟಿಗೆ ಹಾಕಬೇಡಿ. ಹೆಚ್ಚು ಜನ ಬ್ಲಾಕ್ ಮಾಡಿ ರಿಪೋರ್ಟ್ ಕೊಟ್ಟರೆ ನಿಮ್ಮ ನಂಬರೇ ಬಂದ್ ಆಗಬಹುದು.

ರೀಲ್ಸ್, ಯೂಟ್ಯೂಬ್ ಬೇಡವೇ ಬೇಡ ಅಂತಲ್ಲ. ಅವು ಅಂಗಡಿ ಮುಂದಿನ ಬೋರ್ಡಿನ ಹಾಗೆ. ನಂಬಿಕೆ ಹುಟ್ಟಿಸುವುದಕ್ಕೆ ಅವು ಬೇಕು. ಬೆಲ್ಲದಲ್ಲಂತೂ ತೋರಿಸುವುದಕ್ಕೆ ಎಷ್ಟೊಂದಿದೆ! ಪೇಟೆಯವರಿಗೆ ಬೆಲ್ಲ ಅಂದರೆ ಹೊಂಬಣ್ಣ. ನಿಮ್ಮದು ಕಂದು. ‘ಯಾಕಿಷ್ಟು ಕಪ್ಪು?’ ಅನ್ನುವುದು ಅವರ ಮೊದಲ ಅನುಮಾನ. ಅದಕ್ಕೆ ಉತ್ತರವೇ ಮೊದಲ ವಿಡಿಯೊ ಆಗಲಿ. ಕಬ್ಬಿನ ಹಾಲು ಕುದಿಯುವಾಗ ಬೆಂಡೆಯ ಲೋಳೆ ಹಾಕುವುದು, ಕೊಳೆ ಮೇಲೆ ಬರುವುದು, ಅದನ್ನು ಜಾಲರಿಯಲ್ಲಿ ತೆಗೆಯುವುದು, ಹೈಡ್ರೋಸ್ ಹಾಕಿದರೆ ಬಣ್ಣ ಹೇಗೆ ತಿರುಗುತ್ತೆ, ಹಾಕದಿದ್ದರೆ ಹೇಗಿರುತ್ತೆ, ಇಷ್ಟನ್ನು ಒಂದು ನಿಮಿಷದಲ್ಲಿ ತೋರಿಸಿ. ಪಾಕ ಬಂದಿದೆಯೋ ಇಲ್ಲವೋ ಅಂತ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು ನಮಗೆ ದಿನನಿತ್ಯದ್ದು, ಅವರಿಗೆ ಬೆರಗು. ಸಿನಿಮಾ ಹಾಡು ಹಾಕಬೇಡಿ, ಪಾಕ ಕೊತಕೊತ ಕುದಿಯುವ ಸದ್ದೇ ಚೆನ್ನಾಗಿರುತ್ತದೆ. ತೆಗೆಯುವ ಮುಂಚೆ ಲೆನ್ಸ್ ಒರೆಸಿ. ಆಲೆಮನೆಯ ಹಬೆ ಮತ್ತು ಜಿಡ್ಡಿಗೆ ಅರ್ಧ ವಿಡಿಯೊ ಮಂಜಾಗಿರುತ್ತವೆ. ಮತ್ತೆ, ದಯವಿಟ್ಟು ಟೀವಿ ನಿರೂಪಕರ ಹಾಗೆ ‘ನಮಸ್ಕಾರ ವೀಕ್ಷಕರೇ’ ಅಂತ ಶುರು ಮಾಡಬೇಡಿ. ಮಂಡ್ಯದವರು ಮಂಡ್ಯದ ಮಾತೇ ಆಡಿ. ಬೆಳಗಾವಿಯವರು ‘ಬರ್ರೀ, ನೋಡ್ರೀ’ ಅನ್ನಿ. ನಿಮ್ಮ ಮಾತು ಕೇಳಿಯೇ ಇದು ನಿಜವಾದ ಆಲೆಮನೆ ಅಂತ ಜನ ನಂಬುವುದು.

ರೈತರು ತಾವೇ ಹೇಳಿಕೊಳ್ಳುವುದು ನಮ್ಮಲ್ಲಿ ಹೊಸದೇನಲ್ಲ ಬಿಡಿ. 1988ರಲ್ಲಿ ಪುತ್ತೂರಿನಲ್ಲಿ ‘ಅಡಿಕೆ ಪತ್ರಿಕೆ’ ಶುರುವಾದಾಗ ಕೃಷಿಕರ ಕೈಯಲ್ಲೇ ಬರೆಸಬೇಕು ಅನ್ನುವುದು ಅದರ ಹಟವಾಗಿತ್ತು. ಪೆನ್ನಿನ ಜಾಗಕ್ಕೆ ಈಗ ಕ್ಯಾಮೆರಾ ಬಂದಿದೆ. ಬರೆಯುತ್ತಿದ್ದವರು ಮಾಡಿದ್ದನ್ನು ಮಾತ್ರ ಬರೆಯುತ್ತಿದ್ದರು. ವಿಡಿಯೊ ಮಾಡುವವರಲ್ಲಿ ಆ ಗುಣ ಸ್ವಲ್ಪ ಕಮ್ಮಿಯಾಗಿದೆ ಅನ್ನುವುದು ನನ್ನ ತಕರಾರು.

ಉದಾಹರಣೆಗೆ ‘ನಮ್ಮ ಬೆಲ್ಲ ಶುಗರ್ ಇರೋರೂ ತಿನ್ನಬಹುದು’ ಅನ್ನುವ ಮಾತು. ಇದನ್ನು ಎಷ್ಟು ವಿಡಿಯೊದಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಬೆಲ್ಲದಲ್ಲಿ ಹೆಚ್ಚಿನ ಭಾಗ ಸಕ್ಕರೆಯ ಅಂಶವೇ. ನಿಮ್ಮ ಮಾತು ನಂಬಿ ಯಾರದೋ ಮನೆಯ ಅಜ್ಜಿ ದಿನಾ ನಾಲ್ಕು ತುಂಡು ತಿಂದು ಆಸ್ಪತ್ರೆ ಸೇರಿದರೆ ಜವಾಬ್ದಾರಿ ಯಾರದು? ‘ಸಾವಯವ’ ಅನ್ನುವ ಪದವನ್ನೂ ಹಾಗೆ ಎರಚಬೇಡಿ. ಆ ಹೆಸರಲ್ಲಿ ಮಾರುವುದಕ್ಕೆ ನಿಯಮಗಳಿವೆ, ಎನ್‌ಪಿಒಪಿ, ಪಿಜಿಎಸ್-ಇಂಡಿಯಾ ಅಂತ ಪ್ರಮಾಣೀಕರಣದ ದಾರಿಗಳಿವೆ. ಅದಿಲ್ಲದಿದ್ದರೆ ಏನು ಹಾಕಿದ್ದೀರಿ, ಏನು ಹಾಕಿಲ್ಲ ಅಂತ ಸೀದಾ ಹೇಳಿ. ‘ಗದ್ದೆಗೆ ಒಂದು ಸಲ ಯೂರಿಯಾ ಹಾಕಿದೀವಿ, ಬೆಲ್ಲಕ್ಕೆ ಹೈಡ್ರೋಸ್ ಹಾಕಿಲ್ಲ’ ಅಂದರೆ ಜನ ಓಡಿಹೋಗುವುದಿಲ್ಲ, ಇನ್ನೂ ಹತ್ತಿರ ಬರುತ್ತಾರೆ. ಹಾಗೆಯೇ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಸಣ್ಣವರಿಗೆ ಸಣ್ಣ ನೋಂದಣಿಯೇ ಇದೆ, ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಆ 14 ಅಂಕಿಯ ನಂಬರ್ ಲೇಬಲ್ ಮೇಲಿದ್ದರೆ ಅಪಾರ್ಟ್‌ಮೆಂಟಿನವರು ಕೇಳುವ ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

ಬೆಲೆಯ ವಿಷಯಕ್ಕೆ ಬರೋಣ. ಕಾಮೆಂಟಿನಲ್ಲಿ ಯಾರೋ ‘ರೇಟ್ ಎಷ್ಟು ಅಣ್ಣ?’ ಅಂತಾರೆ. ‘ಡಿಎಂ ಮಾಡಿ’ ಅಂತ ಉತ್ತರ. ಇದು ಯಾರಿಂದ ಕಲಿತ ಚಾಳಿಯೋ ನನಗೆ ಅರ್ಥವಾಗಿಲ್ಲ. ಸಂತೆಯಲ್ಲಿ ಬದನೆಕಾಯಿ ರೇಟು ಕೇಳಿದವರಿಗೆ ‘ಕಿವಿ ಹತ್ರ ಬನ್ನಿ ಹೇಳ್ತೀನಿ’ ಅಂತೀರಾ? ಎಲ್ಲರಿಗೂ ಕಾಣುವ ಹಾಗೆ ಬೆಲೆ ಹಾಕಿ. ಆ ಬೆಲೆ ಕಟ್ಟುವಾಗ ಕಬ್ಬು, ಕೂಲಿ, ಸುಣ್ಣ, ಗಾಣದ ಕರೆಂಟು ಎಲ್ಲ ಲೆಕ್ಕಕ್ಕೆ ಬರುತ್ತವೆ. ಬಾಕ್ಸು, ಟೇಪು, ಒಡೆದುಹೋದದ್ದು, ವಾಪಸ್ ಬಂದದ್ದು ಮರೆತುಹೋಗುತ್ತವೆ. ಯಾವಾಗಲೂ ಮರೆತೇಹೋಗುವುದು ಅವ್ವನ ಕೂಲಿ. ಮಗ ವಿಡಿಯೊ ಮಾಡುತ್ತಾನೆ, ಹೆಸರೂ ಅವನಿಗೇ. ರಾತ್ರಿ ಹನ್ನೊಂದರವರೆಗೆ ತೂಗಿ, ಕವರ್ ಹಾಕಿ, ಲೇಬಲ್ ಅಂಟಿಸುವವರು ಅವ್ವ, ಅತ್ತಿಗೆ, ಹೆಂಡತಿ. ಆ ದುಡಿಮೆಗೆ ದಿನಗೂಲಿ ಹಿಡಿದು ಲೆಕ್ಕ ಹಾಕಿದ ಮೇಲೂ ಮಂಡಿಗಿಂತ ಲಾಭ ಉಳಿದರೆ ಮಾತ್ರ ಅದು ವ್ಯಾಪಾರ. ಉಳಿಯದಿದ್ದರೆ ನೀವು ಮನೆಯ ಹೆಂಗಸರ ಪುಕ್ಕಟೆ ದುಡಿಮೆಯನ್ನು ಪೇಟೆಗೆ ಪಾರ್ಸೆಲ್ ಮಾಡುತ್ತಿದ್ದೀರಿ ಅಂತ ಅರ್ಥ. ಕಟುವಾಯಿತೇನೋ, ಆದರೆ ಈ ಲೆಕ್ಕ ಹಾಕಿದವರು ಬಹಳ ಕಡಿಮೆ.

ಸಾಗಾಟಕ್ಕೆ ಅಂಚೆ ಪಾರ್ಸೆಲ್ ಇದೆ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ನಮ್ಮ ಕಾರ್ಗೋ ಇದೆ. ಒಂದೊಂದೇ ಕಿಲೋ ಮನೆಮನೆಗೆ ಕಳಿಸಿದರೆ ಬೆಲ್ಲಕ್ಕಿಂತ ಸಾಗಾಟದ ಖರ್ಚೇ ಕಣ್ಣು ಕುಕ್ಕುತ್ತದೆ. ಅದಕ್ಕೆ ಒಂದು ಅಪಾರ್ಟ್‌ಮೆಂಟಿನ ಇಪ್ಪತ್ತು ಮನೆಯ ಆರ್ಡರ್ ಒಟ್ಟುಗೂಡಿಸಿ, ತಿಂಗಳಿಗೊಂದು ಶನಿವಾರ ತಲುಪಿಸುವುದು ಒಳ್ಳೆಯದು. ಅಂಥ ಕಡೆ ಒಬ್ಬ ಮೇಡಂ ನಿಮ್ಮ ಬೆಲ್ಲವನ್ನು ಮೆಚ್ಚಿ ನೆರೆಯವರಿಗೆ ಹೇಳಿದರೆ ಅದು ಹತ್ತು ರೀಲಿಗೆ ಸಮ.

ಮೋಸಗಾರರ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ, ಯಾಕೆಂದರೆ ನಂಬರ್ ಹಾಕಿದ ವಾರದಲ್ಲೇ ಇವರು ಬರುತ್ತಾರೆ. ‘ಮಿಲಿಟರಿ ಕ್ಯಾಂಟೀನ್‌ಗೆ ಒಂದು ಕ್ವಿಂಟಲ್ ಬೇಕು, ಅಡ್ವಾನ್ಸ್ ಹಾಕ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂತಾರೆ. ದುಡ್ಡು ಬರುವುದಕ್ಕೆ ಯಾವತ್ತೂ ಯುಪಿಐ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಪೇಮೆಂಟ್ ಆಯ್ತು ಅಂತ ಸ್ಕ್ರೀನ್‌ಶಾಟ್ ಕಳಿಸುವವರೂ ಇದ್ದಾರೆ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ದುಡ್ಡು ಕಂಡ ಮೇಲೆಯೇ ಬಾಕ್ಸು ಮನೆ ಬಿಡಬೇಕು. ಏನಾದರೂ ಎಡವಟ್ಟಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಗಿರಾಕಿ ಬೈದರೆ ಕಾಮೆಂಟ್ ಅಳಿಸುವ ಅಭ್ಯಾಸವನ್ನೂ ಬಿಡಿ. ಶ್ರಾವಣದಲ್ಲಿ ಕಳಿಸಿದ ಬೆಲ್ಲ ಬೆವೆತು ಕವರಿಗೆ ಅಂಟಿಕೊಂಡಿದೆ ಅಂತ ಒಬ್ಬರು ಫೋಟೊ ಹಾಕಿದರು ಅನ್ನಿ. ಎಲ್ಲರ ಎದುರೇ ಉತ್ತರ ಕೊಡಿ: ‘ಮಳೆಗಾಲದಲ್ಲಿ ಬೆಲ್ಲ ತೇವ ಎಳ್ಕೊಳ್ಳುತ್ತೆ ಮೇಡಂ, ಗಾಳಿಯಾಡದ ಡಬ್ಬಿಗೆ ಹಾಕಿಡಿ. ಈ ಸಲದ್ದು ನಮ್ಮ ಪ್ಯಾಕಿಂಗ್ ಸರಿಯಿಲ್ಲ, ಮುಂದಿನ ಶನಿವಾರ ಬೇರೆ ಕಳಿಸ್ತೀವಿ.’ ಇದನ್ನು ಓದುವ ಉಳಿದ ಐವತ್ತು ಜನ ಆವತ್ತೇ ನಿಮ್ಮನ್ನು ತೂಗಿ ನೋಡಿರುತ್ತಾರೆ.

ಎಷ್ಟು ಸಲ ಪೋಸ್ಟ್ ಹಾಕಬೇಕು ಅನ್ನುವುದು ಇನ್ನೊಂದು ಗೊಂದಲ. ದಿನಕ್ಕೆ ಮೂರು ರೀಲ್ ಅಂತ ಕುಳಿತರೆ ಗದ್ದೆಗೆ ನೀರು ಹಾಯಿಸುವವರು ಯಾರು? ವಾರಕ್ಕೆ ಎರಡು ಸ್ಟೇಟಸ್, ತಿಂಗಳಿಗೆ ಎರಡು ವಿಡಿಯೊ, ಹೊಸ ಬೆಲ್ಲ ಇಳಿಸಿದಾಗ ಒಂದು ಬ್ರಾಡ್‌ಕಾಸ್ಟ್, ಇಷ್ಟು ಸಾಕು. ಹಬ್ಬಗಳ ಲೆಕ್ಕ ಮಾತ್ರ ತಪ್ಪಬಾರದು. ಸಂಕ್ರಾಂತಿಗೆ ಎಳ್ಳು ಬೆಲ್ಲ ಮಾಡುವವರು ಅಚ್ಚು ಬೆಲ್ಲ ತಂದು ಸಣ್ಣಗೆ ಕತ್ತರಿಸಿ ಒಣಗಿಸಬೇಕು, ಹಾಗಾಗಿ ಹತ್ತು ಹದಿನೈದು ದಿನ ಮೊದಲೇ ಕೊಳ್ಳುತ್ತಾರೆ. ಹಬ್ಬದ ಹಿಂದಿನ ದಿನ ‘ಸಂಕ್ರಾಂತಿ ಆಫರ್’ ಅಂತ ಹಾಕಿದರೆ ಅಷ್ಟೊತ್ತಿಗೆ ಅವರ ಡಬ್ಬಿ ತುಂಬಿರುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲೇ ಎಷ್ಟು ಕಿಲೋ ಬೇಕು ಅಂತ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಅಷ್ಟಕ್ಕೆ ಎಷ್ಟು ಕಬ್ಬು ಕಡಿಯಬೇಕು ಅನ್ನುವುದೂ ಆಗಲೇ ಗೊತ್ತಾಗುತ್ತದೆ.