ಎರವಲು ತಂದ ‘ನಾನು’

2022ನೆಯ ಇಸವಿ ನವೆಂಬರ್ ತಿಂಗಳ ಕಡೆಯ ದಿನ ಅಮೆರಿಕದ ಓಪನ್‌ಎಐ ಸಂಸ್ಥೆಯವರು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕನನ್ನು ಲೋಕದ ಕೈಗೆ ಕೊಟ್ಟರು. ಅದರ ಬೆನ್ನಿಗೇ ಅದರ ದಾಯಾದಿಗಳೂ ಬಂದವು. ಈಗ ಹಾಸ್ಟೆಲಿನ ಮೂಲೆಯಲ್ಲಿ ಕುಳಿತ ವಿದ್ಯಾರ್ಥಿ ಮೊಬೈಲಿನಲ್ಲಿ ಎರಡು ಸಾಲು ಒತ್ತಿದರೆ ಸಾಕು, ಅನ್ನದ ನೀರು ಕುದಿಯುವುದಕ್ಕೆ ಮುಂಚೆ ನಾಲ್ಕು ಪುಟದ ಪ್ರಬಂಧ ಸಿದ್ಧವಾಗಿರುತ್ತದೆ. ರಜೆಚೀಟಿ, ವಿದ್ಯಾರ್ಥಿವೇತನದ ಅರ್ಜಿ, ಸಂಘದ ವರದಿ ಮುಂತಾದುವನ್ನು ಹೀಗೆ ಬರೆಯಿಸಿದರೆ ಯಾರಿಗೂ ಹಾನಿಯಿಲ್ಲವೆಂದೇ ನನ್ನ ಮತ. ಅರ್ಜಿಯಲ್ಲಿ ಅರ್ಜಿದಾರನ ಅಂತರಂಗವನ್ನು ಯಾವ ಗುಮಾಸ್ತರೂ ಹುಡುಕುವುದಿಲ್ಲ. ರಿಜಿಸ್ಟರ್ ನಂಬರು ಸರಿಯಾಗಿದ್ದರೆ ಆಯಿತು.

ನಾನು ಎತ್ತಬೇಕೆಂದಿರುವ ಪ್ರಶ್ನೆ ಬೇರೆ. ‘ನನ್ನ ಊರು’, ‘ನಾನು ಕಂಡ ಜಾತ್ರೆ’, ‘ನನ್ನ ತಾಯಿ’ ಎಂಬಂಥ, ‘ನಾನು’ ಎಂಬ ಮಾತಿನ ಮೇಲೆಯೇ ನಿಂತಿರುವ ಬರಹಗಳನ್ನು ಯಂತ್ರದಿಂದ ಬರೆಯಿಸಿ, ಕೆಳಗೆ ನಮ್ಮ ಹೆಸರು ಹಾಕಿ, ಇಂಥ ಸಂಚಿಕೆಗೆ ಕಳಿಸಬಹುದೆ?

ಒಬ್ಬರ ಬರಹಕ್ಕೆ ಇನ್ನೊಬ್ಬರ ಕೈ ತಾಗುವುದು ನಮ್ಮಲ್ಲಿ ಹೊಸದಲ್ಲವೆಂದು ಕೆಲವರು ವಾದಿಸುತ್ತಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಬರೆದವನು ದೊರೆ ನೃಪತುಂಗನೋ ಅವನ ಆಸ್ಥಾನದ ಶ್ರೀವಿಜಯನೋ ಎಂದು ಪಂಡಿತರು ಬಹುಕಾಲ ಚರ್ಚಿಸಿದರು, ಇಂದು ಹೆಚ್ಚಿನವರ ಒಲವು ಶ್ರೀವಿಜಯನ ಕಡೆಗಿದೆ. ಆದರೆ ಅದು ಕಾವ್ಯಲಕ್ಷಣದ ಗ್ರಂಥ. ಅಲಂಕಾರದ ವಿವರಣೆ ದೊರೆಯದಾದರೇನು, ಆಸ್ಥಾನಿಕನದಾದರೇನು, ಓದುವವನಿಗೆ ನಷ್ಟವಿಲ್ಲ. ‘ನನ್ನ ತಾಯಿ’ ಎಂದು ಬರೆದಾಗ ಹಾಗಲ್ಲ. ಅಲ್ಲಿ ಓದುಗನು ಒಬ್ಬ ಮನುಷ್ಯನ ಮಾತನ್ನು ನಂಬಿ ಮುಂದಕ್ಕೆ ಹೋಗುತ್ತಾನೆ.

ವ್ಯಾಸರಿಗೆ ಗಣಪತಿ ಲಿಪಿಕಾರನಾದ ಕಥೆ ಇದಕ್ಕಿಂತ ಹತ್ತಿರದ್ದು. (ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕರಣದಲ್ಲಿ ಈ ಕಥೆಗೆ ಮೂಲಪಾಠದಲ್ಲಿ ಜಾಗವಿಲ್ಲವಂತೆ, ಇರಲಿ, ಕಥೆ ಚೆನ್ನಾಗಿದೆ.) ಲೇಖನಿ ನಿಲ್ಲದಂತೆ ಹೇಳುತ್ತಿರಬೇಕೆಂದು ಗಣಪತಿ ಹಟ ಹಿಡಿದ, ಅರ್ಥವಾಗದೆ ಒಂದಕ್ಷರವನ್ನೂ ಬರೆಯಕೂಡದೆಂದು ವ್ಯಾಸರು ತಿರುಗಿ ಕಟ್ಟುಮಾಡಿದರು. ಕೈ ಲಿಪಿಕಾರನದು, ಕಥೆ ವ್ಯಾಸರದು. ನಮ್ಮ ಹೊಸ ಏರ್ಪಾಟಿನಲ್ಲಿ ಇದು ತಲೆಕೆಳಗಾಗಿದೆ: ಕಥೆ ಹೇಳುವುದು ಲಿಪಿಕಾರ, ಪ್ರತಿ ಮಾಡಿ ಸಹಿ ಹಾಕುವವರು ವ್ಯಾಸರು!

ಯಂತ್ರ ಬರೆಯುವ ಬಗೆಯನ್ನು ಸ್ವಲ್ಪ ತಿಳಿದರೆ ತೊಡಕು ಎಲ್ಲಿದೆಯೆಂದು ಕಾಣುತ್ತದೆ. ಅಪಾರವಾದ ಬರಹರಾಶಿಯನ್ನು ಅದಕ್ಕೆ ಉಣಿಸಿ, ಇಷ್ಟು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬ ಲೆಕ್ಕವನ್ನು ಅಭ್ಯಾಸ ಮಾಡಿಸಿರುತ್ತಾರೆ. ಆದುದರಿಂದ ಬಹುಜನ ನಡೆದ ದಾರಿಯೇ ಅದಕ್ಕೆ ಸುಲಭದ ದಾರಿ. ಅಜ್ಜಿಯನ್ನು ಕುರಿತು ನನ್ನ ಪರವಾಗಿ ಬರೆಯೆಂದು ನಾನು ಅದನ್ನು ಪರೀಕ್ಷಿಸಿದೆ. ಮಣ್ಣಿನ ಒಲೆ, ಸುಕ್ಕುಗಟ್ಟಿದ ಮಮತೆಯ ಕೈ, ರಾಗಿರೊಟ್ಟಿಯ ಪರಿಮಳ, ಬೆಳುದಿಂಗಳಿನಲ್ಲಿ ಕಥೆ, ಕಡೆಗೆ ಅಜ್ಜಿಯ ನೆನಪು ಸದಾ ಹಸುರೆಂಬ ಸಮಾಪ್ತಿ. ಓದಿದರೆ ಕಣ್ಣು ತೇವವಾಗುವಂತಿತ್ತು. ನನ್ನ ಅಜ್ಜಿಯಾದರೋ ಗಟ್ಟಿಮುಟ್ಟಾಗಿ ಬದುಕಿದ್ದಾಳೆ. ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುತ್ತಾಳೆ, ಒಂದು ಕಾಯನ್ನೂ ಯಾರಿಗೂ ಕೊಸರು ಹಾಕಿದವಳಲ್ಲ, ಮೊಮ್ಮಗ ಬಸ್ಸಿಗೆಂದು ತೆಗೆದುಕೊಂಡ ಇಪ್ಪತ್ತು ರೂಪಾಯಿಗೂ ಲೆಕ್ಕ ಕೇಳುತ್ತಾಳೆ. ಕಥೆ ಹೇಳುವಷ್ಟು ಪುರುಸೊತ್ತು ಆಕೆಗೆ ಎಂದೂ ಇರಲಿಲ್ಲ. ಯಂತ್ರ ಕೊಟ್ಟ ಅಜ್ಜಿಯನ್ನು ನಾನು ಒಪ್ಪಿಕೊಂಡರೆ ನನ್ನ ಅಜ್ಜಿ ಎಲ್ಲಿಗೆ ಹೋಗಬೇಕು?

ನಮ್ಮ ಹಿಂದಿನ ಬರಹಗಳನ್ನು ಕೊಟ್ಟರೆ ನಮ್ಮ ಶೈಲಿಯಲ್ಲಿಯೇ ಬರೆಯುತ್ತದೆಂದು ಬಲ್ಲವರು ಹೇಳುತ್ತಾರೆ. ಬರೆಯುತ್ತದೆ, ಸುಳ್ಳಲ್ಲ. ‘ಅಂದಹಾಗೆ’ ಎಂದು ನಾನು ಪುಟಕ್ಕೊಮ್ಮೆ ಬರೆಯುವ ಚಾಳಿಯನ್ನು ಅದು ಕೂಡಲೇ ಪತ್ತೆಮಾಡಿ ಪುಟಕ್ಕೆ ಮೂರು ಸಲ ಬರೆಯಿತು. ಅಣಕ ಮಾಡುವವನು ನಮ್ಮ ಮೇಷ್ಟರ ಕೆಮ್ಮನ್ನೂ ಕನ್ನಡಕ ಸರಿಮಾಡಿಕೊಳ್ಳುವ ಬಗೆಯನ್ನೂ ತೋರಿಸಿ ನಗಿಸಬಲ್ಲ. ಮೇಷ್ಟರು ನಾಳೆಯ ಪಾಠದಲ್ಲಿ ಏನು ಹೇಳುವರೆಂಬುದು ಅವನಿಗೆ ತಿಳಿಯದು. ಇಪ್ಪತ್ತರ ವಯಸ್ಸಿನ ನಮಗಂತೂ ಹಿಂದಿನ ಬರಹವೇ ನಮ್ಮ ದನಿಯೆಂದು ಮುದ್ರೆಯೊತ್ತಿಬಿಡುವುದು ತೀರ ಅನ್ಯಾಯ. ಏನನ್ನು ಯೋಚಿಸುತ್ತಿದ್ದೇನೆಂಬುದು ನನಗೆ ಎಷ್ಟೋ ಸಲ ಮೂರನೆಯ ಸಲ ಹೊಡೆದುಹಾಕಿ ಬರೆದಾಗ ತಿಳಿದದ್ದುಂಟು.

ಇಷ್ಟು ಹೇಳಿ ಯಂತ್ರವನ್ನು ಬೈದು ಮುಗಿಸುವುದು ಸುಲಭ. ಆದರೆ ನನ್ನ ಸಹಪಾಠಿಗಳು ಅದರ ಮೊರೆಹೋಗುವುದು ಸೋಮಾರಿತನದಿಂದಲೇ ಎಂದು ನಾನು ನಂಬಲಾರೆ. ನಮ್ಮಲ್ಲಿ ಬಹುಮಂದಿ ತಮ್ಮ ಮನೆಯಿಂದ ಮೊತ್ತಮೊದಲಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಒಂದನೆಯ ತರಗತಿಯಿಂದಲೂ ನಾವು ಕೇಳಿದ ಮಾತೆಂದರೆ, ‘ಮನೆಯಲ್ಲಿ ಆಡುವ ಹಾಗೆ ಬರೆಯಬೇಡ’. ‘ಹ’ಕಾರ ಬಿಟ್ಟರೆ ನಗೆ, ‘ಳ’ ‘ಲ’ ಆದರೆ ಕೆಂಪುಮಸಿ. ಹೀಗೆ ಹದಿನೈದು ವರ್ಷ ತನ್ನ ದನಿಗೆ ತಾನೇ ನಾಚಿಕೊಂಡ ಹುಡುಗನ ಕೈಗೆ, ತಪ್ಪಿಲ್ಲದ, ನುಣುಪಾದ ಕನ್ನಡವನ್ನು ಬಿಟ್ಟಿಯಾಗಿ ಕೊಡುವ ಸಾಧನ ಬಂದರೆ ಅವನು ಬೇಡವೆನ್ನುವುದು ಹೇಗೆ? ಎರವಲು ದನಿಯಲ್ಲಿ ಬರೆಯುವುದನ್ನು ಯಂತ್ರ ಬರುವುದಕ್ಕೆ ಬಹಳ ಮುಂಚೆಯೇ ನಮಗೆ ಕಲಿಸಲಾಗಿತ್ತು. ಗುರುಗಳು ಈ ಮಾತಿಗೆ ಕ್ಷಮಿಸಬೇಕು.

ಆ ನುಣುಪಾದ ಕನ್ನಡವಾದರೂ ಎಲ್ಲಿಯದು? 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದವರು ಸುಮಾರು 4 ಕೋಟಿ 37 ಲಕ್ಷ ಮಂದಿ. ಆದರೂ ಯಂತ್ರಕ್ಕೆ ಉಣಿಸಲು ದೊರೆಯುವ ಕನ್ನಡ ಬರಹ ಸ್ವಲ್ಪವೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಮಿಕ್ಕಿ ಲೇಖನಗಳಿದ್ದರೆ ಕನ್ನಡದಲ್ಲಿ ಕೆಲವು ಹತ್ತು ಸಾವಿರ ಮಾತ್ರ. ಅದರ ಕನ್ನಡ ಹೆಚ್ಚಾಗಿ ವಾರ್ತೆಯ ಕನ್ನಡ, ಭಾಷಾಂತರದ ಕನ್ನಡ. ಧಾರವಾಡವೂ ಅಲ್ಲ, ಕುಂದಾಪುರವೂ ಅಲ್ಲ, ಚಾಮರಾಜನಗರವೂ ಅಲ್ಲ. ಬೇಂದ್ರೆಯವರು ಧಾರವಾಡದ ಮಾತನ್ನು ಕಾವ್ಯಕ್ಕೆ ತಂದರು, ಅವರಿಗೆ ಜ್ಞಾನಪೀಠ ಬಂದಿತು. ದೇವನೂರ ಮಹಾದೇವರ ‘ಕುಸುಮಬಾಲೆ’ ಅವರ ಸೀಮೆಯ ಆಡುಮಾತಿನಲ್ಲಿಯೇ ಇದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಅದನ್ನು ಹುಡುಕಿಕೊಂಡು ಬಂದಿತು. ಈ ಪುಸ್ತಕಗಳನ್ನು ನಾವು ಪರೀಕ್ಷೆಗೆ ಓದುತ್ತೇವೆ, ಹತ್ತು ಅಂಕದ ಟಿಪ್ಪಣಿ ಬರೆಯುತ್ತೇವೆ. ಆ ಟಿಪ್ಪಣಿಯಲ್ಲಿ ನಮ್ಮ ಆಡುಮಾತು ಒಂದು ನುಸುಳಿದರೆ ಅಂಕ ಹೋಗುತ್ತದೆ!

ನಷ್ಟ ಬರೆಯದವರಿಗೆ ಮಾತ್ರ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನಮ್ಮ ತರಗತಿಯ ಒಬ್ಬಾಕೆ, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಯುವ ತನ್ನ ತಾಯಿಯನ್ನು ಕುರಿತು ಎರಡು ಪುಟ ಬರೆದು ಓದಿದಳು. ಚೆನ್ನಾಗಿತ್ತು. ಹಿಂದಿನ ಬೆಂಚಿನಿಂದ ಬಂದ ಮೊದಲ ಪ್ರಶ್ನೆ: ‘ಯಾವ ಆ್ಯಪು?’ ಆಕೆ ಹಾಳೆ ಮಡಿಚಿಕೊಂಡು ಕುಳಿತುಬಿಟ್ಟಳು. ಸಂಚಿಕೆಗೂ ಅದನ್ನು ಕೊಡಲಿಲ್ಲ. ಸುಳ್ಳು ‘ನಾನು’ಗಳು ಹೆಚ್ಚಿದ ಕಡೆ ನಿಜವಾದ ‘ನಾನು’ ಸಾಕ್ಷಿ ತರಬೇಕಾಗುತ್ತದೆ. ಆಕೆ ಯಾರನ್ನು ತರಬೇಕು, ತಾಯಿಯನ್ನೆ? ಕಂಡುಹಿಡಿಯುವ ಸಾಧನಗಳಿವೆಯೆಂದು ಹೇಳುವವರಿದ್ದಾರೆ. ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಅಂಥದೊಂದನ್ನು ಹೊರತಂದು, ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಹಿಂತೆಗೆದುಕೊಂಡಿತು. ಮಾಡಿದವರಿಗೇ ತಿಳಿಯದುದನ್ನು ನಮ್ಮ ಸಂಪಾದಕ ಮಂಡಲಿ ಹೇಗೆ ತಿಳಿದೀತು?

ಆದುದರಿಂದ ನಿಷೇಧದಿಂದ ಫಲವಿಲ್ಲ. ಯಂತ್ರವನ್ನು ಲಿಪಿಕಾರನ ಜಾಗದಲ್ಲಿ ಕೂರಿಸೋಣ. ಬರೆದಾದ ಮೇಲೆ ಕಾಗುಣಿತ ನೋಡಲಿ; ‘ಇಲ್ಲಿ ನೀನು ಹೇಳಿದ್ದು ಅರ್ಥವಾಗಲಿಲ್ಲ’ ಎಂದು ಗಣಪತಿಯಂತೆ ತಡೆದು ಕೇಳಲಿ. ಹಾಗೆ ಕೇಳೆಂದರೆ ಅದು ಕೇಳಬಲ್ಲುದು, ನಾನು ನೋಡಿದ್ದೇನೆ. ಅಜ್ಜಿಯನ್ನು ಮಾತ್ರ ಅದು ಒದಗಿಸಬೇಕಾಗಿಲ್ಲ. ಸಂಪಾದಕ ಮಂಡಲಿಯಲ್ಲಿ ಇನ್ನೊಂದು ಬಿನ್ನಹ: ಮುಂದಿನ ಸಂಚಿಕೆಯಲ್ಲಿ ಎಂಟು ಪುಟಗಳನ್ನು ಮನೆಮಾತಿನ ಬರಹಗಳಿಗೆ ಮೀಸಲಿಡಿರಿ. ಬರಹ ಕೈಬರಹದಲ್ಲಿಯೇ ಬರಲಿ, ಚಿತ್ತು ಕಾಟಿನೊಡನೆ. ಹಕಾರ ಬಿಟ್ಟಿದ್ದರೆ ಬಿಟ್ಟಂತೆಯೇ ಅಚ್ಚಾಗಲಿ. ಆ ಎರಡು ಪುಟಗಳನ್ನು ಕೊಡುವಂತೆ ನನ್ನ ಸಹಪಾಠಿಯನ್ನು ನಾನೇ ಕೇಳಿಕೊಳ್ಳುತ್ತೇನೆ. ಹಾಳೆಯನ್ನು ಆಕೆ ಹರಿದಿಲ್ಲವೆಂದು ಕೇಳಿದ್ದೇನೆ.