ಕೋಶದ ರಿಸೆಪ್ಟರ್‌ಗೆ ತಡೆ ಒಡ್ಡಿದರೆ ಕ್ಯಾನ್ಸರ್ ಗುಣವಾಗುತ್ತದೆಯೇ?

ಸಾರಾಂಶ

‘ಕ್ಯಾನ್ಸರ್ ಕೋಶದ ಬಾಗಿಲು ಮುಚ್ಚುವ ಔಷಧಿ ಬಂದಿದೆ, ಇನ್ನು ಕೀಮೋ ಬೇಡ’ ಎಂಬಂಥ ಸಂದೇಶಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ನಾವು ಪರಿಶೀಲಿಸಿದಾಗ ಇದು ಅರ್ಧ ಸತ್ಯ ಎಂದು ಕಂಡುಬಂದಿದೆ.

ರಿಸೆಪ್ಟರ್ ಎಂದರೇನು?

ಇದು ಕೋಶಕ್ಕೆ ಇರುವ ಕಾಲಿಂಗ್ ಬೆಲ್ ಇದ್ದಂತೆ. ಹಾರ್ಮೋನ್‌ನಂಥ ಸಂಕೇತ ಬಂದು ಬೆಲ್ ಒತ್ತಿದರೆ ಕೋಶ ಬೆಳೆಯುತ್ತದೆ, ಎರಡಾಗುತ್ತದೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಇಂಥ ಬೆಲ್‌ಗಳು ವಿಪರೀತ ಇರುತ್ತವೆ. ಅವುಗಳಿಗೆ ತಡೆ ಒಡ್ಡಿದರೆ ಬೆಳವಣಿಗೆ ತಗ್ಗುತ್ತದೆ.

ಈ ಔಷಧಿಗಳು ಹೊಸದೇ?

ಅಲ್ಲ. ಈಸ್ಟ್ರೋಜೆನ್ ರಿಸೆಪ್ಟರ್ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಗೆ ಅಮೆರಿಕದಲ್ಲಿ 1977ರಲ್ಲೇ ಅನುಮತಿ ಸಿಕ್ಕಿತ್ತು. ಹರ್-2 ರಿಸೆಪ್ಟರ್ ತಡೆಯುವ ಟ್ರಾಸ್ಟುಜುಮಾಬ್ 1998ರಲ್ಲಿ ಬಂತು. ಬೆಂಗಳೂರಿನ ಬಯೋಕಾನ್ ಇದರ ಸಮಾನ ರೂಪವನ್ನು 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮಾಬ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹಾಗಾದರೆ ಎಲ್ಲರಿಗೂ ಕೊಡಬಹುದಲ್ಲ?

ಬೆಲ್ಲೇ ಇಲ್ಲದ ಮನೆಯಲ್ಲಿ ಏನನ್ನು ತಡೆಯುವುದು? ಸ್ತನ ಕ್ಯಾನ್ಸರ್‌ಗಳಲ್ಲಿ ಸುಮಾರು 15ರಿಂದ 20 ಶೇಕಡಾ ಮಾತ್ರ ಹರ್-2 ಪಾಸಿಟಿವ್. ‘ಟ್ರಿಪಲ್ ನೆಗೆಟಿವ್’ ಬಗೆಗೆ ಮೇಲಿನ ಎರಡೂ ಔಷಧಿಗಳು ನಾಟುವುದಿಲ್ಲ. ಟ್ರಾಸ್ಟುಜುಮಾಬ್ ಅನ್ನು ಸಾಮಾನ್ಯವಾಗಿ ಕೀಮೋ ಜೊತೆಗೇ ಕೊಡುತ್ತಾರೆ. ಅದು ಹೃದಯವನ್ನು ದುರ್ಬಲಗೊಳಿಸಬಹುದು, ಹಾಗಾಗಿ ಆಗಾಗ ಎಕೋ ಪರೀಕ್ಷೆ ಬೇಕು. ಕೆಲವೊಮ್ಮೆ ಕ್ಯಾನ್ಸರ್ ಬೇರೆ ದಾರಿ ಹುಡುಕಿಕೊಂಡು ಮತ್ತೆ ಬೆಳೆಯುವುದೂ ಉಂಟು.

ಬೆಲ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ?

ಬಯಾಪ್ಸಿಯಿಂದ. ಗೆಡ್ಡೆಯ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸುತ್ತಾರೆ. ಆದರೆ ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ಇನ್ನೊಂದು ಫಾರ್ವರ್ಡ್ ಜನರನ್ನು ಇಲ್ಲೇ ತಡೆಯುತ್ತದೆ. ಸ್ತನದ ಬಯಾಪ್ಸಿಯಿಂದ ರೋಗಿಯ ಆಯುಷ್ಯ ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಬಯಾಪ್ಸಿ ಬೇಡವೆಂದರೆ ಮಾತ್ರ, ತನಗೆ ಹೊಂದುವ ಔಷಧಿ ಯಾವುದೆಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ನಾವು ಏನು ಮಾಡಬೇಕು?

ಟೇಕಲ್‌ನಂಥ ಊರಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ಹಾಗಾಗಿ ಹೋದಾಗಲೇ ಎರಡು ಪ್ರಶ್ನೆ ಕೇಳಿ: ‘ರಿಪೋರ್ಟ್‌ನಲ್ಲಿ ಇಆರ್, ಪಿಆರ್, ಹರ್-2 ಏನು ಬಂದಿದೆ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್‌ನಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ?’ ವೈದ್ಯರನ್ನು ಕೇಳದೆ ಕೀಮೋ ಆಗಲಿ, ಮಾತ್ರೆ ಆಗಲಿ ನಿಲ್ಲಿಸಬೇಡಿ.

ನಮ್ಮ ತೀರ್ಮಾನ: ರಿಸೆಪ್ಟರ್ ತಡೆಯುವ ಔಷಧಿ ನಿಜ, ಉಪಯುಕ್ತ. ‘ಎಲ್ಲ ಕ್ಯಾನ್ಸರ್‌ಗೂ ಇದೇ ಮದ್ದು, ಕೀಮೋ ಬೇಡ’ ಎಂಬುದು ಸುಳ್ಳು.