ಕಿವಿಮೊರೆತಕ್ಕೆ ರಾಗ ಬರೆದುಕೊಡುವವರು

ಡೊಂಬಿವಲಿ ಎಂಐಡಿಸಿಯ ಕಂಪ್ರೆಸರ್‌ಗಳ ಪಕ್ಕ, ಕಲ್ಯಾಣದ ಲೋಕೋ ಶೆಡ್ಡಿನಲ್ಲಿ, ಥಾಣೆ-ಬೇಲಾಪುರ ಪಟ್ಟಿಯ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದವರಿಗೆ ನಿವೃತ್ತಿಯ ಹೊತ್ತಿಗೆ ಕಿವಿಯೊಳಗೆ ಜೀರುಂಡೆ ಕೂಗತೊಡಗುತ್ತದೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಹೇಳಿಕೊಂಡರೆ ಮಾರನೇ ದಿನ ವಾಟ್ಸಾಪ್‌ನಲ್ಲಿ ಉತ್ತರ ಸಿದ್ಧ: ಇಂಥ ರಾಗ, ಇಷ್ಟು ದಿನ ಕೇಳಿ, ಮೊರೆತ ಮಾಯ. ಕಳಿಸುವವರದು ಒಳ್ಳೆಯ ಮನಸ್ಸೇ ಇರಬಹುದು. ಆದರೂ ಈ ಉಪಕಾರ ನಿಲ್ಲಬೇಕು.

ಅರ್ಧ ತಪ್ಪು ಹೆಸರಿನಲ್ಲೇ ಇದೆ. ಆಯುರ್ವೇದ ಇದನ್ನು ಕರ್ಣನಾದ ಎನ್ನುತ್ತದೆ. 'ನಾದ' ಎಂದ ಕೂಡಲೇ ಕನ್ನಡದ ಕಿವಿ ನೆಟ್ಟಗಾಗುತ್ತದೆ; ನಾದಕ್ಕೆ ನಾದವೇ ಮದ್ದು ಎಂಬ ಮಾತು ಪುರಾವೆ ಕೇಳದೆ ಒಳಗೆ ಬಂದುಬಿಡುತ್ತದೆ. 'ಚಿಕಿತ್ಸೆ'ಯದೂ ಇದೇ ಕತೆ. ಆಡಿಯಾಲಜಿಸ್ಟರು ಸೌಂಡ್ ಥೆರಪಿ ಎನ್ನುವುದು ಬಹಳ ಸಾದಾ ಸಂಗತಿ: ಪೂರ್ತಿ ನಿಶ್ಶಬ್ದದಲ್ಲಿ ಮೊರೆತ ಎದ್ದು ಕೇಳುತ್ತದೆ, ಹಿನ್ನೆಲೆಯಲ್ಲಿ ಮೆಲ್ಲನೆ ಬೇರೆ ಸದ್ದಿದ್ದರೆ ಅಷ್ಟು ಕೇಳುವುದಿಲ್ಲ. ಫ್ಯಾನೂ ಆ ಕೆಲಸ ಮಾಡುತ್ತದೆ. ಮಲಗುವಾಗ ಸಣ್ಣ ದನಿಯಲ್ಲಿ ಭೀಮಸೇನ ಜೋಶಿಯವರನ್ನು ಹಾಕಿಕೊಳ್ಳುವವರು ಹಾಕಿಕೊಳ್ಳಲಿ. ಅದು ಸಮಾಧಾನ. ಅದನ್ನು ರೋಗ ವಾಸಿಯಾಗುವುದೆಂದು ಮಾರುವುದು ಬೇರೆ.

ಸಂಗೀತವನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದವರಿದ್ದಾರೆ. ಜರ್ಮನಿಯ ಮ್ಯೂನ್‌ಸ್ಟರಿನ ಸಂಶೋಧಕರು ರೋಗಿಗೆ ಇಷ್ಟವಾದ ಹಾಡುಗಳನ್ನೇ ತೆಗೆದುಕೊಂಡು, ಅವನ ಮೊರೆತದ ಕಂಪನಾಂಕದ ಸುತ್ತಲಿನ ಸ್ವರಪಟ್ಟಿಯನ್ನಷ್ಟೇ ಕತ್ತರಿಸಿ ಕೇಳಿಸಿದರು. 2010ರ ಸಣ್ಣ ಅಧ್ಯಯನ ಆಸೆ ಹುಟ್ಟಿಸಿತು. 2016ರಲ್ಲಿ 100 ಜನರ ಮೇಲೆ ಮೂರು ತಿಂಗಳು, ದಿನಕ್ಕೆ ಎರಡು ಗಂಟೆ ನಡೆಸಿದಾಗ, ಮೊದಲೇ ಗೊತ್ತುಮಾಡಿದ್ದ ಮುಖ್ಯ ಅಳತೆಯಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಸದ್ದಿನ ಜೋರು ತಗ್ಗಿದ ಸೂಚನೆಯಷ್ಟೇ ಉಳಿಯಿತು. ಇಷ್ಟು ಎಚ್ಚರದಿಂದ ಮಾಡಿದ ಪ್ರಯೋಗದ ಗತಿ ಇದು. ಅಲ್ಲಿ ರಾಗದ ಪ್ರಶ್ನೆಯೇ ಇರಲಿಲ್ಲ.

'ಕೇಳಿದರೆ ನಷ್ಟವೇನು?' ಎಂಬುದು ಮುಂದಿನ ಮಾತು. ನಷ್ಟ ಇದೆ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾಗಿ ಮೊರೆತ ಶುರುವಾದರೆ ಅದು ತುರ್ತು. ಸ್ಟೀರಾಯ್ಡ್ ಕೊಡುವುದಿದ್ದರೆ ಮೊದಲ ಎರಡು ವಾರಗಳೊಳಗೆ ಕೊಡಬೇಕು. ನಲವತ್ತು ದಿನದ ರಾಗಸಾಧನೆಯಲ್ಲಿ ಆ ಎರಡು ವಾರ ಸದ್ದಿಲ್ಲದೆ ಮುಗಿದುಹೋಗುತ್ತವೆ. ದೀರ್ಘಕಾಲದ ಮೊರೆತ ಇರುವ ಬಹಳಷ್ಟು ಜನರಿಗೆ ಶ್ರವಣದೋಷವೂ ಇರುತ್ತದೆ, ಶ್ರವಣ ಸಾಧನ ಹಾಕಿದರೆ ಹಲವರಿಗೆ ಮೊರೆತದ ಕಾಟವೂ ಕಡಿಮೆಯಾಗುತ್ತದೆ. ಸಿಬಿಟಿ ಎಂಬ ಮನೋಚಿಕಿತ್ಸೆ ಸದ್ದನ್ನು ಅಳಿಸದು, ಸದ್ದಿನ ಹಿಂಸೆಯನ್ನು ತಗ್ಗಿಸುತ್ತದೆ. 2020ರ ಕಾಕ್ರೇನ್ ಪರಾಮರ್ಶೆ ಹೇಳಿದ್ದು ಅದನ್ನೇ. ಇದಾವುದೂ ವಾಟ್ಸಾಪ್ ಸಂದೇಶದಲ್ಲಿ ಇರುವುದಿಲ್ಲ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, ಊರಿಗೆ ಹೋದಾಗ ಮೈಸೂರಿನಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ರಾಗದ ಸಂಜೆಗೆ ಹಾಲ್ ಕೊಡುವ ಸಂಘಗಳು ಒಂದು ಭಾನುವಾರ ಆಡಿಯಾಲಜಿಸ್ಟರನ್ನೂ ಕರೆಸಬಹುದು. ಇನ್ನು ಮೊರೆತ ಹೋಗದಿದ್ದರೆ ಗುರುಗಳ ಉತ್ತರ ಒಂದೇ: ಶ್ರದ್ಧೆ ಸಾಲದು. ಕಿವಿಯ ಜೊತೆ ಪಾಪಪ್ರಜ್ಞೆಯೂ ಗಂಟುಬಿತ್ತು.

ಎಲ್ಲಕ್ಕಿಂತ ದೊಡ್ಡ ಮೋಸ ಬೇರೆ ಇದೆ. ಗದ್ದಲದಿಂದ ಬರುವ ಶ್ರವಣದೋಷ 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿದ್ದ ಕಾಯಿಲೆ, ಅಂದರೆ ವರದಿ ಮಾಡಲೇಬೇಕಾದದ್ದು. ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಅದು ಇತ್ತು. ಅಷ್ಟಿದ್ದೂ ಅದನ್ನು ಮನಶ್ಶಾಂತಿಯ ಕೊರತೆ ಎಂದುಬಿಟ್ಟರೆ ಮಾಲೀಕರ ಲೆಕ್ಕ ಚುಕ್ತಾ. ಬೀದಿಯ ಲೆಕ್ಕವೂ ಹಾಗೇ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು 2000ದ ನಿಯಮ ಹೇಳುತ್ತದೆ. ಡಿಜೆ ಮೆರವಣಿಗೆಗೆ ಅದು ಗೊತ್ತಿಲ್ಲ. ಥಾಣೆಯ ವೈದ್ಯ ಡಾ. ಮಹೇಶ್ ಬೇಡೇಕರ್ ರಾಗ ಹುಡುಕುತ್ತ ಕೂರಲಿಲ್ಲ, ಬಾಂಬೆ ಹೈಕೋರ್ಟಿಗೆ ಹೋದರು. 2016ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಧ್ವನಿವರ್ಧಕ ಬಳಸುವುದು ಯಾವ ಧರ್ಮದ ಅತ್ಯಗತ್ಯ ಭಾಗವೂ ಅಲ್ಲ. ಅದನ್ನು ಕೊಟ್ಟ ಪೀಠದಲ್ಲಿದ್ದ ನ್ಯಾಯಮೂರ್ತಿ ಅಭಯ್ ಓಕಾ ಮುಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬೆಂಗಳೂರಿಗೆ ಬಂದರು. ಆ ತೀರ್ಪನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.